ಗಾಳಿ ಮಶಿನ್ನಿಗೆ ಉಡಿ ತುಂಬಿದ ಪ್ರಸಂಗ

ಬಂಡೂರಾಯರ ಬಾಯಿಂದ ‘ನನಗೆ ಗೊತ್ತಿಲ್ಲ’ ಎಂಬ ಮಾತು ಹೊರಬಿದ್ದದ್ದನ್ನು ಶಹಾಬಜಾರದಲ್ಲಿ ಈವರೆಗೆ ಯಾರೂ ಕೇಳಿಲ್ಲ. ಹೊಸಬರು ಯಾರಾದರೂ ಓಣಿಯ ಬಾಯಲ್ಲಿ ನಿಂತು ದಾರಿ ಕೇಳಿದರೆ, ಗೊತ್ತಿಲ್ಲ ಎಂದು ಹೇಳಿ ಅವರ ಮನಸ್ಸು ನೋಯಿಸುವುದಕ್ಕಿಂತ ಯಾವುದಾದರೂ ಒಂದು ದಾರಿ ತೋರಿಸಿ ಕಳಿಸುವುದೇ ಸಜ್ಜನರ ಲಕ್ಷಣ ಎಂದು ನಂಬಿದವರು ಅವರು. ಹಾಗೆ ಕಳಿಸಿದವರಲ್ಲಿ ಕೆಲವರು ಇನ್ನೂ ಶಹಾಬಜಾರದ ಗಲ್ಲಿಗಳಲ್ಲೇ ತಿರುಗುತ್ತಿದ್ದಾರೆ ಎಂದು ಅವರ ಹೆಂಡತಿ ಮಂಜುಷಾ ಹೇಳುತ್ತಾಳೆ. ಹೆಂಡತಿಯ ಮಾತು, ಅರ್ಧ ಬಿಟ್ಟು ಅರ್ಧ ಕೇಳಬೇಕು.

ರಾಯರು ಅರ್ಧ ಆಯುಷ್ಯವನ್ನು ಒಂದು ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚುತ್ತ, ಮಡಚುತ್ತ ಕಳೆದರು. ಆ ಅಂಗಡಿ ಮುಚ್ಚಿದ ಮೇಲೆ ಮಂಜುಷಾಳ ತಮ್ಮ ಪವಮಾನ ಅವರನ್ನು ಕಪನೂರಿನ ತನ್ನ ಅಂಗಡಿಗೆ ಕರೆದುಕೊಂಡ. ಅವನದು ಗಾಳಿಯಿಂದ ನಡೆಯುವ ಸಾಮಾನುಗಳ ವ್ಯಾಪಾರ: ಗಾಳಿ ತುಂಬುವ ಕಂಪ್ರೆಸರು, ನಟ್ಟು ಬಿಚ್ಚುವ ಗನ್ನು, ಬಣ್ಣ ಹೊಡೆಯುವ ಗನ್ನು, ಪೈಪು, ಮೀಟರು. ಮಗು ಹುಟ್ಟಿದಾಗ ವಾಯುದೇವರ ಹೆಸರಿಟ್ಟ ಹಿರಿಯರಿಗೆ ಅದು ಮುಂದೆ ಗಾಳಿಯನ್ನೇ ಮಾರಿ ಹೊಟ್ಟೆ ಹೊರೆಯುತ್ತದೆ ಎಂದು ಹೇಗೆ ತಿಳಿದಿತ್ತೋ ಕಾಣೆ. ಅಂಗಡಿಯ ಕೌಂಟರಿನ ಮೇಲೆ ದಪ್ಪ ಕ್ಯಾಟಲಾಗ್ ಒಂದಿತ್ತು. ರಾಯರು ಅದನ್ನು ದಿನಾಲೂ ಪಾರಾಯಣ ಮಾಡಿ ಬಿಡಿಭಾಗಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡರು. ಯಾವುದು ಎಲ್ಲಿ ಕೂಡುತ್ತದೆ, ಯಾಕೆ ಕೂಡುತ್ತದೆ ಎಂಬುದು ಕ್ಯಾಟಲಾಗಿನಲ್ಲಿ ಇರಲಿಲ್ಲ. ಆದ್ದರಿಂದ ರಾಯರಲ್ಲೂ ಇರಲಿಲ್ಲ.

ಕಮಲಾಪುರದ ಟೈರ್ ಅಂಗಡಿಯ ಮಲ್ಲಣ್ಣ ಕಂಪ್ರೆಸರ್ ಕೊಳ್ಳಲು ಬಂದ ದಿನ ರಾಯರು ಆ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಮಲ್ಲಣ್ಣ ಬೆರಗಾಗಿ, “ಇಷ್ಟೆಲ್ಲ ತಿಳಕೊಂಡೀರಲ್ಲ ಸಾಹೇಬ್ರ, ನೀವು ಇಂಜಿನಿಯರ್ ಏನ್ರಿ?” ಎಂದ.

ಅಲ್ಲ ಎಂದರೆ ಪಾಪ, ಮನಸ್ಸು ನೋಯುತ್ತದೆ. ರಾಯರು ಸುಮ್ಮನೆ ನಕ್ಕು, “ಏನರ ತ್ರಾಸ ಆದ್ರ ನನಗ ಫೋನ್ ಮಾಡ್ರಿ. ಸ್ವತಃ ನಾನೇ ಬರ್ತೀನಿ” ಎಂದರು.

ವಾರ ಕಳೆಯುವುದರೊಳಗೆ ಮಲ್ಲಣ್ಣ ಫೋನ್ ಮಾಡಿಯೇಬಿಟ್ಟ. ಮಶಿನ್ ಹಗಲೆಲ್ಲ ಓಡುತ್ತದೆ, ಗಾಳಿ ಮಾತ್ರ ತುಂಬುವುದಿಲ್ಲ. ಗನ್ನು ಹಿಡಿದರೆ ನಟ್ಟು ಅಲುಗುವುದಿಲ್ಲ. ಅಂಗಡಿಯ ಖರೇ ಮೆಕ್ಯಾನಿಕ್ ತಾರಿಖ್ ಅಕ್ಕನ ಮಗಳ ನಿಕಾಹಕ್ಕೆಂದು ಹೈದರಾಬಾದಿಗೆ ಹೋಗಿದ್ದ. ಪವಮಾನ ಭಾವನನ್ನು ಎದುರಿಗೆ ಕೂಡಿಸಿಕೊಂಡ.

“ಭಾವಾ, ನೀವು ಮಾರಿದ ಮಶಿನ್ ಹಿಂದಕ ಬರೂದು ಇದು ಮೊದಲಲ್ಲ. ಕೇಳಿದ್ದು ಒಂದು, ಕೊಟ್ಟದ್ದು ಒಂದು. ಕಮಲಾಪುರದ್ದೂ ವಾಪಸ್ ಬಂತಂದ್ರ ನೀವು ನಾಳಿಂದ ಮನ್ಯಾಗ ಆರಾಮ ಇರ್ರಿ. ಹಬ್ಬ ಹುಣ್ಣಿವಿಗೆ ನಮ್ಮಲ್ಲಿಗೆ ಊಟಕ್ಕ ಬರ್ರಿ, ಅದಕ್ಕೇನೂ ಅಡ್ಡಿ ಇಲ್ಲ.”

ಎಷ್ಟು ಮರ್ಯಾದೆಯಿಂದ ಹೇಳಿದರೂ ಮಾತಿನ ಅರ್ಥ ಅಷ್ಟೇ. ಮನೆಯಲ್ಲಿ ಕೂಡುವುದೆಂದರೆ ಮಂಜುಷಾಳ ಎದುರಿಗೆ ಕೂಡುವುದು.

“ನಿಮಗ ಮಿಕ್ಸರಿನ ಭಾಂಡಿ ಕೂಡ್ಸಲಿಕ್ಕೆ ಬರೂದಿಲ್ಲ. ಕಂಪ್ರೆಸರ್ ರಿಪೇರಿ ಮಾಡ್ತೀರಿ?” ಎಂದಳು ಮಂಜುಷಾ, ಬುತ್ತಿ ಕಟ್ಟುತ್ತ.

“ಮಿಕ್ಸರ್ ಕರೆಂಟಿನ ಬಾಬತ್ತು. ಇದು ಗಾಳಿ ಬಾಬತ್ತು. ಲೈನೇ ಬ್ಯಾರೆ,” ಎಂದು ರಾಯರು ಕ್ಯಾಟಲಾಗನ್ನು ಬಗಲಲ್ಲಿಟ್ಟುಕೊಂಡು ಕಮಲಾಪುರದ ಮೇಲಿಂದ ಹೋಗುವ ಹುಮನಾಬಾದ ಬಸ್ಸು ಹತ್ತಿದರು.

ಕಮಲಾಪುರದಲ್ಲಿ ಮಲ್ಲಣ್ಣನ ಅಂಗಡಿ ದೊಡ್ಡ ರಸ್ತೆಯ ದಂಡೆಗೇ ಇದೆ. ಮುಂದೆ ಒಂದು ಟೆಂಪೋ ಜಾಕಿನ ಮೇಲೆ ಒಂದು ಕಾಲೆತ್ತಿ ನಿಂತಿತ್ತು. ಅದರ ತುಂಬ ಕಮಲಾಪುರದ ಕೆಂಪು ಬಾಳೆಗೊನೆ. ಡ್ರೈವರ್ ಚಾಂದಪಾಶಾ ಗೊನೆಗಳನ್ನು ಆಗಾಗ ಮೂಸಿ ನೋಡಿ ನಿಟ್ಟುಸಿರು ಬಿಡುತ್ತಿದ್ದ.

“ಸಾಬ್, ಜಲ್ದಿ ಮಾಡ್ರಿ. ಕಾಯಿ ಅಂತ ಹೇರ್ಕೊಂಡು ಬಂದೀನಿ, ಇಲ್ಲೇ ಹಣ್ಣಾಗ್ಲಾಕತ್ತಾವ. ಇನ್ನಾ ಜರಾ ತಡ ಆದ್ರ ಮಾರ್ಕೆಟ್ಟಿಗೆ ಶೀಕರಣಿ ಒಯ್ಯಬೇಕಾಗ್ತದ.”

“ಕೈಲೆ ಬಿಚ್ಚಲಿಕ್ಕೆ ಬರೂದಿಲ್ಲೇನು?” ಎಂದರು ರಾಯರು. ಆ ದಿನ ಅವರು ಕೇಳಿದ ಅತ್ಯಂತ ಬುದ್ಧಿವಂತ ಪ್ರಶ್ನೆ ಅದು.

“ಮಶಿನ್ ಬಂದ ದಿನಾನೇ ನಟ್ಟು ಬಿಚ್ಚೂ ಉದ್ದನ್ನ ಪಾನಾ ನಮ್ಮ ಬೀಗರಿಗೆ ಕೊಟ್ಟುಬಿಟ್ಟೆ ರೀ,” ಎಂದ ಮಲ್ಲಣ್ಣ. “ಇನ್ನ ಕೈಲೆ ಯಾರು ತಿರುವ್ತಾರ ಅಂತ ಬ್ಯಾರೆ ಅಂದು ಬಂದೀನಿ. ಈಗ ಹೋಗಿ ಕೇಳಿದ್ರ ಮಾನ ಉಳೀತದೇನ್ರಿ?”

ತಗಡಿನ ಕೆಳಗೆ ಕಂಪ್ರೆಸರ್ ಗುಡುಗುಡು ಸದ್ದು ಮಾಡುತ್ತಿತ್ತು. ದುಂಡನೆಯ ಹೊಟ್ಟೆ, ಹೊಟ್ಟೆಯ ಮೇಲೆ ವಿಭೂತಿಯ ಪಟ್ಟೆ, ಕುಂಕುಮ. ಮೇಲಿನ ಪಂಪಿನ ಪಕ್ಕಕ್ಕೆ ಅಣಬೆಯಂಥ ಒಂದು ಕರಿ ಟೊಪ್ಪಿಗೆ. ಅದು ಕಾಣದ ಹಾಗೆ ಕುಬಸದ ಹಸಿರು ಖಣ ಸುತ್ತಿ, ಅರಿಷಿಣ ಕೊಂಬು ಕಟ್ಟಿದ ದಾರದಿಂದ ಬಿಗಿದಿದ್ದರು.

“ಶುಕ್ರವಾರ ಬಂತು ತಮ್ಮಾ, ಲಕ್ಷ್ಮಿ ಬಂದಂಗ,” ಎಂದಳು ಮಲ್ಲಣ್ಣನ ತಾಯಿ ಶಂಕ್ರಮ್ಮ. “ತುಂಬಿದ ಹೊಟ್ಟಿ ಬ್ಯಾರೆ. ಉಡಿ ತುಂಬಲಾರದ ಬಿಡ್ಲಾಕ ಬರ್ತದೇನು? ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲ್ಲಾ ಮುಂದಿಟ್ಟು ಖಣ ಏರಿಸೀನಿ. ಇಲ್ಲಿ ಹಗಲೆಲ್ಲ ಗಂಡಸೂರು ಕುಂತಿರ್ತಾರ ನೋಡು, ಅದಕ್ಕ ತಲಿ ಮ್ಯಾಲ ಸೆರಗು ಹೊದಿಸಿದಂಗ ಬಿಗದು ಕಟ್ಟೀನಿ.”

ಇಲ್ಲಿ ಓದುಗರ ಕಿವಿಯಲ್ಲಿ ಒಂದು ಮಾತು. ಆ ಕರಿ ಟೊಪ್ಪಿಗೆಯೇ ಮಶಿನ್ನಿನ ಮೂಗು. ಹೊರಗಿನ ಗಾಳಿ ಸೋಸಿಕೊಂಡು ಒಳಗೆ ಹೋಗುವುದು ಅದೊಂದರಿಂದಲೇ. ಅದರ ಚಿತ್ರ ಕ್ಯಾಟಲಾಗಿನಲ್ಲಿ ಇತ್ತು, ಹೆಸರು ರಾಯರ ನಾಲಗೆಯ ತುದಿಯಲ್ಲಿತ್ತು. ಆದರೆ ಖಣ ಉಟ್ಟ ಮೂಗನ್ನು ಯಾವ ಕ್ಯಾಟಲಾಗಿನವರೂ ಅಚ್ಚು ಹಾಕಿಲ್ಲ. ಮೇಲಾಗಿ ಅರಿಷಿಣ ಕುಂಕುಮ ಕಂಡಲ್ಲಿ ನಮ್ಮವರು ಕೈ ಮುಗಿಯುತ್ತಾರೆಯೇ ಹೊರತು ಒಳಗೇನಿದೆ ಎಂದು ಹಣಿಕಿ ನೋಡುವುದಿಲ್ಲ. ರಾಯರೂ ಕೈ ಮುಗಿದರು. ಆಮೇಲೆ ಹಳೆಯ ಅಭ್ಯಾಸದಂತೆ ಖಣದ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು.

“ಗುಳೇದಗುಡ್ಡದ್ದು! ಅವ್ವಾರ, ಏನ ಆರಿಸೀರಿ! ಇದರ ನೇಯ್ಗಿ ಎಷ್ಟು ಗಟ್ಟಿ ಅಂತೀರಿ, ಗಾಳಿ ಸುದ್ಧಾ ಒಳಗ ಹೋಗೂದಿಲ್ಲ.”

ಶಂಕ್ರಮ್ಮನ ಮುಖ ಅರಳಿತು. “ಹಿಂಗ ಖೂನ ಹಿಡಿಯವ್ರು ಬೇಕು ನೋಡು,” ಎಂದು ಮಗನಿಗೆ ಹೇಳಿದಳು.

ಎದುರಿನ ಚಹಾದ ಹೋಟೆಲಿಗೆ ಸುದ್ದಿ ಹೋಯಿತು. ಮಲ್ಲಣ್ಣ ಹೇಳಿದ್ದು ‘ಕಂಪನಿ ಇಂಜಿನಿಯರ್’ ಎಂದು. ಚಾಂದಪಾಶಾ ಚಹಾ ಹೇಳಲು ಹೋದಾಗ ಅದನ್ನು ಪೂನಾದ ಇಂಜಿನಿಯರ್ ಮಾಡಿದ. ಹೋಟೆಲಿನ ಪಂಚಶೀಲಾಬಾಯಿ ಚಹಾ ತಂದು ಕೊಡುವಾಗ, “ಜರ್ಮನಿಯವ್ರು ಸಕ್ರಿ ಕಮ್ಮಿ ಕುಡೀತಾರಂತ, ಹಂಗೇ ಮಾಡೀನಿ ರೀ,” ಎಂದಳು. ರಾಯರಿಗೆ ಸಕ್ಕರೆ ಜಾಸ್ತಿ ಬೇಕಾಗಿತ್ತು. ಹಾಗೆಂದರೆ ಅವಳ ಮನಸ್ಸು ನೋಯುತ್ತದಲ್ಲ? ಕಣ್ಣು ಮುಚ್ಚಿ ಕುಡಿದರು.

ಚಹಾ ಮುಗಿದ ಮೇಲೆ ಏನಾದರೊಂದು ಮಾಡಲೇಬೇಕಾಯಿತು. ಗನ್ನಿಗೆ ದಿನಾಲೂ ಒಂದೆರಡು ಹನಿ ಎಣ್ಣೆ ಬಿಡಬೇಕು ಎಂದು ಎಲ್ಲೋ ಓದಿದ್ದು ರಾಯರಿಗೆ ನೆನಪಾಯಿತು. ಯಾವ ಎಣ್ಣೆ ಎಂಬುದು ನೆನಪಾಗಲಿಲ್ಲ.

“ಯಾವ ಎಣ್ಣಿ ತರ್ಲಿ ರೀ?” ಎಂದ ಮಲ್ಲಣ್ಣ.

“ತೆಳ್ಳಂದು,” ಎಂದರು ರಾಯರು ಗಂಭೀರವಾಗಿ.

ಚಾಂದಪಾಶಾ ತನ್ನ ಟೆಂಪೋದೊಳಗಿನಿಂದ ಮಲ್ಲಿಗೆ ವಾಸನೆಯ ತಲೆಯೆಣ್ಣೆಯ ಸೀಸೆ ತಂದುಕೊಟ್ಟ. ಒಂದೆರಡು ಹನಿ ಬಿಟ್ಟರು. ಗನ್ನು ಬರೀ ಗೊಣಗಿತು. ರೋಗ ದೊಡ್ಡದು, ಔಷಧ ಸಣ್ಣದಾಯಿತು ಎಂದು ರಾಯರು ಅರ್ಧ ಸೀಸೆ ಸುರಿದು ಗುಂಡಿ ಅದುಮಿದರು. ಗನ್ನು ಕೆಮ್ಮಿತು, ಸೀನಿತು, ಆಮೇಲೆ ಕುಡಿದದ್ದನ್ನೆಲ್ಲ ಎದುರಿಗೆ ಬಗ್ಗಿ ನಿಂತವರ ಮುಖಕ್ಕೆ ಉಗುಳಿತು. ಟೈರ್ ಅಂಗಡಿ ಮದುವೆ ಮನೆಯ ಹಾಗೆ ಘಮಘಮಿಸಿತು. ನಟ್ಟು ಇದ್ದಲ್ಲೇ ಇತ್ತು.

“ಗನ್ ಸಾಫ್ ಆತು,” ಎಂದರು ರಾಯರು ಕನ್ನಡಕ ಒರೆಸಿಕೊಳ್ಳುತ್ತ. “ದೋಷ ಇದರಾಗ ಇಲ್ಲ. ಇನ್ನ ಪೈಪ್ ನೋಡೋಣ.”

ಜನಕ್ಕೆ ಕುತೂಹಲ ಹೆಚ್ಚಾಯಿತು. ಮುಖದ ಎಣ್ಣೆಯನ್ನು ತಲೆಗೆ ಸವರಿಕೊಂಡು ಇನ್ನಷ್ಟು ಹತ್ತಿರ ಬಂದು ನಿಂತರು.

ಪೈಪು ಸೋರುತ್ತದೋ ಎಂದು ನೋಡಲು ತಾರಿಖ್ ಸಬೂನಿನ ನೊರೆ ಹಚ್ಚುವುದನ್ನು ರಾಯರು ಕಂಡಿದ್ದರು. ಗಾಳಿ ಸೋರಿದಲ್ಲಿ ಗುಳ್ಳೆ ಏಳುತ್ತದೆ. ಪಂಚಶೀಲಾಬಾಯಿ ಬೋಗುಣಿಯಲ್ಲಿ ನೊರೆ ಮಾಡಿ ಕೊಟ್ಟಳು. ರಾಯರು ಒಂದೊಂದೇ ಜೋಡಣೆಗೆ ಹಚ್ಚುತ್ತ ಹೋದರು. ಒಂದು ಕಡೆ ಖರೇನೇ ಗುಳ್ಳೆ ಎದ್ದಿತು! ರಾಯರಿಗಾದ ಆನಂದ ಹೇಳತೀರದು. ಬಿಗಿ ಮಾಡಿದರು. ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೂದಲೆಳೆಯಷ್ಟು ಮೇಲೆದ್ದು, ಮತ್ತೆ ಮನಸ್ಸು ಬದಲಾಯಿಸಿ ಕುಳಿತುಬಿಟ್ಟಿತು.

ಆದರೆ ಗುಳ್ಳೆಯ ವಿದ್ಯೆ ಕಮಲಾಪುರಕ್ಕೆ ಹಿಡಿಸಿಬಿಟ್ಟಿತು. ಪಂಚಶೀಲಾಬಾಯಿ ಒಳಗೆ ಓಡಿ ಹೋಗಿ ಒಲೆಯ ಮೇಲಿದ್ದ ಕುಕ್ಕರನ್ನೇ ಎತ್ತಿಕೊಂಡು ಬಂದಳು. “ಸಾಹೇಬ್ರ, ಇದು ಸೀಟಿ ಹೊಡಿವಲ್ಲದು. ಜರಾ ನೋಡ್ರಿ.” ರಾಯರು ಮುಚ್ಚಳದ ಸುತ್ತ ನೊರೆ ಹಚ್ಚಿದರು. ರಬ್ಬರಿನ ಬಳಿ ಬುಳುಬುಳು ಗುಳ್ಳೆ. “ರಬ್ಬರ್ ಬದಲು ಮಾಡ್ರಿ,” ಎಂದರು. ಅವಳು ಕೈ ಮುಗಿದಳು. ಅವಳ ಹಿಂದೆ ಸೈಕಲ್ ಟ್ಯೂಬು, ಗ್ಯಾಸಿನ ನಳಿಕೆ, ಫುಟ್‌ಬಾಲು, ಯಾರದೋ ಮನೆಯ ಹಾರ್ಮೋನಿಯಂ, ಎಲ್ಲ ಸಾಲಾಗಿ ನಿಂತವು. ರಾಯರು ಹಿಗ್ಗಿ ಹೀರೆಕಾಯಿಯಾಗಿ ಒಂದೊಂದಕ್ಕೂ ನೊರೆ ಹಚ್ಚುತ್ತ ಕುಳಿತರು.

“ಸಾಬ್, ಮೇರೆ ಕೇಲೇ!” ಎಂದು ಚಾಂದಪಾಶಾ ಬಾಯಿ ಬಿಟ್ಟು ಅಳುವುದೊಂದು ಬಾಕಿ. “ಹಾರ್ಮೋನಿಯಂ ಹಣ್ಣಾಗಂಗಿಲ್ರೀ, ನನ್ನ ಬಾಳಿಕಾಯಿ ಆಗ್ತಾವ!”

ಮಲ್ಲಣ್ಣನೂ ಮುಖ ಗಂಟಿಕ್ಕಿದ. ಆಗ ರಾಯರು ಎದ್ದು ನಿಂತು, ಮಶಿನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ತಪ್ಪನ್ನು ದೂರದಲ್ಲಿರುವ ಯಾರ ಮೇಲಾದರೂ ಹಾಕುವುದು ಕ್ಷೇಮವೆಂದು, “ಇದು ವೋಲ್ಟೇಜ್ ಕಮ್ಮಿ ಇರೂದರಿಂದ ಆಗ್ಯದ,” ಎಂದು ತೀರ್ಪು ಕೊಟ್ಟರು.

ಆದರೆ ಆ ಯಾರೋ ದೂರದಲ್ಲಿ ಇರಲಿಲ್ಲ. ಲೈನ್‌ಮನ್ ಸುನೀಲಕುಮಾರ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಹೋಟೆಲಿನಲ್ಲಿ ಭಜಿ ತಿನ್ನುತ್ತಿದ್ದ. ಅರ್ಧ ಭಜಿ ಬಿಟ್ಟು ಎದ್ದು ಬಂದ.

“ಯಾರ್ರೀ ನಮ್ಮ ವೋಲ್ಟೇಜಿಗೆ ಹೆಸರಿಡವ್ರು? ಜರ್ಮನಿಯವ್ರಿದ್ರ ನಿಮ್ಮ ಮನ್ಯಾಗ ಇರ್ರಿ. ಕಮಲಾಪುರದ ಕರೆಂಟಿನ ಸುದ್ದಿಗೆ ಬರಬ್ಯಾಡ್ರಿ.” ತನ್ನ ಕರೆಂಟಿನ ಮೀಟರು ತಂದು ಹಚ್ಚಿ, ಎಲ್ಲರಿಗೂ ತೋರಿಸಿದ. ವೋಲ್ಟೇಜು ಬೇಕಾದಷ್ಟಿತ್ತು. “ನೋಡ್ರಿ, ಕಣ್ಣು ತೆರದು ನೋಡ್ರಿ!” ಎಂದು ಮಶಿನ್ನಿನ ಕಾಲ ಬಳಿ ಕುಕ್ಕುರುಗಾಲಲ್ಲಿ ಕುಳಿತು ವೈರು ತೋರಿಸತೊಡಗಿದ.

ಮಾತು ಬದಲಿಸಲು ರಾಯರು ಮಶಿನ್ನಿನ ಹೊಟ್ಟೆಯ ಅಡಿಗಿದ್ದ ಚಿಕ್ಕ ನಳವನ್ನು ತಿರುವಿದರು. ಭುಸ್ಸೆಂದು ಕಂದು ಬಣ್ಣದ ನೀರು ಚಿಮ್ಮಿ ಸುನೀಲಕುಮಾರನ ಪ್ಯಾಂಟನ್ನು ಸೊಂಟದವರೆಗೆ ತೋಯಿಸಿತು. ಅವನು ಹಾರಿ ನಿಂತ, ರಾಯರು ಗಡಬಡಿಸಿ ನಳ ಬಿಗಿದರು. ಆದರೆ ಅವನ ಪ್ಯಾಂಟನ್ನು ಯಾರೂ ನೋಡಲಿಲ್ಲ. ಎಲ್ಲರೂ ನೀರನ್ನೇ ನೋಡುತ್ತಿದ್ದರು.

“ಗಾಳಿ ಮಶಿನ್ನಾಗ ನೀರು ಯಾರು ಹಾಕಿದ್ರು?” ಎಂದು ಗುಂಪಿನಲ್ಲಿ ಯಾರೋ ಕೇಳಿದರು.

“ನಮ್ಮವ್ವನಾಣಿ, ನಾ ಹಾಕಿಲ್ರೀ,” ಎಂದ ಮಲ್ಲಣ್ಣ.

ಸುನೀಲಕುಮಾರನಿಗೂ ಸಿಟ್ಟಿಗಿಂತ ಕುತೂಹಲ ದೊಡ್ಡದಾಯಿತು. ಪ್ಯಾಂಟು ಹಿಂಡಿಕೊಳ್ಳುತ್ತ ರಾಯರ ಮುಖ ನೋಡಿದ. ಎಲ್ಲರೂ ನೋಡಿದರು.

“ಗಾಳಿ ಬೆವರ್ತದ,” ಎಂದರು ರಾಯರು. ಬಾಯಿಗೆ ಬಂದದ್ದು ಅದೇ. “ಶ್ರಾವಣದ ಗಾಳಿ. ಒತ್ತಿ ಒತ್ತಿ ತುಂಬಿದ್ರ ಬೆವರು ಬರೂದಿಲ್ಲೇನು? ಹುಮನಾಬಾದ ಬಸ್ಸಿನಾಗ ನಮಗ ಬರೂದಿಲ್ಲೇನು?”

ಜನ ಹೌದು ಹೌದೆಂದು ತಲೆದೂಗಿತು. ರಾಯರು ಇದನ್ನು ಶುದ್ಧ ಸುಳ್ಳೆಂದು ತಿಳಿದೇ ಹೇಳಿದ್ದರು. ಒತ್ತಿದ ಗಾಳಿ ತನ್ನೊಳಗಿನ ತೇವವನ್ನು ಹೀಗೆ ನೀರಾಗಿಯೇ ಬಿಡುತ್ತದೆ, ದಿನಾಲೂ ಅದನ್ನು ಹೊರಗೆ ಬಿಡಬೇಕು ಎಂದು ಮುಂದೆ ತಾರಿಖ್ ವಿವರಿಸಿದಾಗ, ತಮ್ಮ ಸುಳ್ಳು ಹೀಗೆ ನಿಜವಾಗಿ ಕೈಕೊಟ್ಟದ್ದಕ್ಕೆ ಅವರಿಗೆ ಬೇಜಾರೇ ಆಯಿತು.

ಅಷ್ಟರಲ್ಲಿ ಪವಮಾನನ ಫೋನು. “ಭಾವಾ, ಆತೇನು? ಆಗಿಲ್ಲಂದ್ರ ನಾಚಬ್ಯಾಡ್ರಿ. ಗಾಡಿ ಕಳಸ್ತೀನಿ, ಮಶಿನ್ ಹೇರ್ಕೊಂಡು ನೀವೂ ಅದರ ಬಾಜೂಕ್ಕೆ ಕೂತು ಬಂದುಬಿಡ್ರಿ.”

“ಆಗ್ಲಿಕ್ಕೆ ಬಂದದ,” ಎಂದು ರಾಯರು ಫೋನ್ ಇಟ್ಟು ಒಂದು ಹಳೆಯ ಟೈರಿನ ಮೇಲೆ ಕುಸಿದರು. ಎಣ್ಣೆ ಮುಗಿಯಿತು, ನೊರೆ ಮುಗಿಯಿತು, ಕರೆಂಟು ಮುಗಿಯಿತು, ನೀರೂ ಮುಗಿಯಿತು. ಕ್ಯಾಟಲಾಗಿನಲ್ಲಿ ಉಳಿದದ್ದು ಕಂಪನಿಯ ವಿಳಾಸ ಮಾತ್ರ. ಅವರಿಗೆ ಖರೇನೇ ಅಳು ಬಂದಂತಾಯಿತು.

ದೀಪ ಹಚ್ಚುವ ಹೊತ್ತು. ಶಂಕ್ರಮ್ಮ ಊದಿನಕಡ್ಡಿ ಹಚ್ಚಿಕೊಂಡು ಮಶಿನ್ನಿನ ಪೂಜೆಗೆ ಬಂದಳು. ಹಗಲೆಲ್ಲ ಬಾಗಿಲಲ್ಲಿ ಕುಳಿತು ನೋಡಿದ್ದ ಆಕೆಗೂ ಒಂದು ಪ್ರಶ್ನೆ ಹುಟ್ಟಿತ್ತು.

“ಅಲ್ಲ ತಮ್ಮಾ, ಮುಂಜಾನಿಯಿಂದ ಗಾಳಿ ಎಲ್ಲಿಂದ ಹೊರಗ ಬರ್ತದ, ಎಲ್ಲಿಂದ ಸೋರ್ತದ ಅಂತ ನೋಡಿದಿ. ಒಳಗ ಎಲ್ಲಿಂದ ಹೋಗ್ತದ?”

ಇಷ್ಟು ದಿನ ಗಾಳಿ ಮಾರಿದರೂ ಅದು ಒಳಗೆ ಬರುವುದು ಎಲ್ಲಿಂದ ಎಂಬ ವಿಚಾರ ರಾಯರಿಗೆ ಹೊಳೆದೇ ಇರಲಿಲ್ಲ. ಉತ್ತರ ಹೊಂದಿಸುತ್ತ ಅವರು ನೋಡುತ್ತಿದ್ದಂತೆ, ಶಂಕ್ರಮ್ಮ ಹಿಡಿದ ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೇರುವುದನ್ನು ಬಿಟ್ಟು ಬಾಗಿತು. ಬಾಗಿ ಸೀದಾ ಹಸಿರು ಖಣದ ಕಡೆಗೆ ಹೋಯಿತು. ಹೋಗಿ ಖಣದೊಳಗೆ ಮಾಯವಾಯಿತು. ಖಣವೂ ಮೆಲ್ಲಗೆ ಒಳಗೆ ಹೊರಗೆ ಮಾಡುತ್ತಿತ್ತು.

ರಾಯರಿಗೆ ಎಲ್ಲ ತಿಳಿಯಿತು. ಕರಿ ಟೊಪ್ಪಿಗೆಯ ಹೆಸರು, ಚಿತ್ರ, ನಂಬರು ಎಲ್ಲ ಒಮ್ಮೆಲೇ ತಲೆಯಲ್ಲಿ ಬೆಳಗಿತು. ಸಂತೋಷದಿಂದ ಕೂಗಬೇಕೆಂದು ಎದ್ದರು. ಆದರೆ ಅವರಿಗಿಂತ ಮೊದಲು ಪಂಚಶೀಲಾಬಾ‌ಯಿಯ ಪಕ್ಕದ ಮನೆಯಾಕೆ ಕೂಗಿದಳು.

“ಯವ್ವಾ! ಲಕ್ಷ್ಮಿ ಊದಿನಕಡ್ಡಿ ತಗೊಳ್ಳಾಕತ್ಯಾಳ! ಸೆರಗು ಅಳ್ಳಾಡ್ಲಾಕತ್ತದ ನೋಡ್ರಿ, ಉಸಿರಾಡ್ಲಾಕತ್ಯಾಳ!”

ಮರುಕ್ಷಣ ಎಲ್ಲರೂ ಕೈ ಜೋಡಿಸಿದ್ದರು. ಚಾಂದಪಾಶಾ “ಸುಭಾನಲ್ಲಾ” ಎಂದು ಒಂದು ಚಿಪ್ಪು ಕೆಂಪು ಬಾಳೆಯನ್ನು ಮಶಿನ್ನಿನ ಮುಂದಿಟ್ಟ. ಸುನೀಲಕುಮಾರ ತೊಯ್ದ ಪ್ಯಾಂಟನ್ನು ಮುಟ್ಟಿ ನೋಡಿಕೊಂಡು, ಅದು ಬರೀ ಬೆವರಲ್ಲ, ತೀರ್ಥ ಎಂದು ಹಣೆಗೆ ಹಚ್ಚಿಕೊಂಡ. ಓಣಿಯ ಹೆಣ್ಣುಮಕ್ಕಳು ಮನೆಗೆ ಓಡಿದರು. ಬರುವಾಗ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಖಣ. ಹಸಿರಿನ ಮೇಲೆ ಕೆಂಪು, ಕೆಂಪಿನ ಮೇಲೆ ಹಳದಿ. ಮಶಿನ್ನಿನ ಮೂಗು ಮದುಮಗಳ ಮುಡಿಯಷ್ಟು ದಪ್ಪವಾಯಿತು. ಮೀಟರಿನ ಮುಳ್ಳು, ಅಲ್ಲಿಯವರೆಗೆ ಅಷ್ಟಾದರೂ ಇದ್ದದ್ದು, ಸರಕ್ಕನೆ ಕೆಳಗೆ ಜಾರಿತು.

ಮಲ್ಲಣ್ಣನ ಸಹನೆಯ ಕಟ್ಟೆ ಒಡೆಯಿತು. “ಸಾಹೇಬ್ರ, ನನಗ ಗುಡಿ ಬ್ಯಾಡ್ರಿ, ಗಾಳಿ ಬೇಕು! ಲಕ್ಷ್ಮಿ ಇರ್ಲಿ, ಆಕಿಗೆ ನನ್ನ ಶರಣಾರ್ಥಿ. ನನಗ ಬ್ಯಾರೆ ಮಶಿನ್ ಕೊಡ್ರಿ. ಈಗಿಂದೀಗ ಫೋನ್ ಹಚ್ಚಿ ಗಾಡಿ ಕರಸ್ರಿ!”

ರೋಗ ಗೊತ್ತಾಗಿದೆ, ಮದ್ದು ಗೊತ್ತಾಗಿದೆ, ಕೈಗೆಟುಕುವಷ್ಟು ಹತ್ತಿರದಲ್ಲಿದೆ. ರಾಯರು ಧೈರ್ಯ ಮಾಡಿ ಖಣದ ಗಂಟಿಗೆ ಕೈ ಚಾಚಿದರು.

“ಏ ಯಪ್ಪಾ!” ಎಂದು ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಚೀರಿದರು. “ಮುತ್ತೈದಿ ಸೆರಗಿಗೆ ಕೈ ಹಾಕ್ತೀಯೇನು? ಜರ್ಮನ್ಯಾಗ ಹಿಂಗೇ ಏನು?”

ರಾಯರು ಕೆಂಡ ಮುಟ್ಟಿದವರಂತೆ ಕೈ ಹಿಂದೆಳೆದುಕೊಂಡರು. ಈಗ ಖಣದಿಂದಲೇ ಗಾಳಿ ನಿಂತಿದೆ ಎಂದರೆ ಊರು ಅವರನ್ನು ಬಿಡುವುದಿಲ್ಲ. ಮೊದಲು ಕಟ್ಟಿದವಳು ಎಂದು ಶಂಕ್ರಮ್ಮನನ್ನೂ ಬಿಡುವುದಿಲ್ಲ. ಹೇಳದಿದ್ದರೆ ಗಾಡಿ ಬರುತ್ತದೆ. ಅವರು ಶಂಕ್ರಮ್ಮನ ಹತ್ತಿರ ಹೋಗಿ, ಕೈ ಮುಗಿದು, ಕಿವಿಯಲ್ಲಿ ಹೇಳಿದರು: “ಅವ್ವಾರ, ಅದು ತಲಿ ಅಲ್ಲರೀ, ಮೂಗು. ನೀವು ಸೆರಗು ಹೊದಿಸಿದ್ದು ಮೂಗಿಗೆ. ಉಸಿರು ಕಟ್ಟ್ಯದ. ನನ್ನ ಕೆಲಸಾನೂ ಹೋಗ್ತದ ರೀ.”

ಶಂಕ್ರಮ್ಮ ಅವರನ್ನೇ ನೋಡಿದಳು. ಆಮೇಲೆ ಮಶಿನ್ನನ್ನು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮೈ ಕುಲುಕುವ ಹಾಗೆ ನಗತೊಡಗಿದಳು. ನೋಡುವವರಿಗೆ ಭಕ್ತಿಯಿಂದ ಬಿಕ್ಕಿದಂತೆ ಕಂಡಿತು.

“ನನ್ನ ಲಗ್ನದಾಗೂ ಹಿಂಗೇ ಆಗಿತ್ತು ತಮ್ಮಾ,” ಎಂದಳು ಮೆಲ್ಲಗೆ. “ನಡು ಬ್ಯಾಸಗಿ. ಮಾರಿ ತುಂಬ ಸೆರಗು ಎಳದು ಹಗಲೆಲ್ಲ ಕುಂದರಿಸಿದ್ರು. ಉಸಿರಿಲ್ದ ಧೊಪ್ಪಂತ ಬಿದ್ದೆ. ಮೈಯಾಗ ದೇವಿ ಬಂದಾಳಂತ ಎಲ್ಲಾರೂ ಕಾಲಿಗೆ ಬಿದ್ರು. ನೀರು ಕೊಡ್ರೋ ಅಂದ್ರ ಒಬ್ಬರ ಕಿವ್ಯಾಗೂ ಬೀಳಲಿಲ್ಲ.” ಕಣ್ಣೊರೆಸಿಕೊಂಡು, ಗುಂಪಿನ ಕಡೆ ತಿರುಗಿ, ದನಿ ಏರಿಸಿದಳು.

“ಏನ್ರೇ, ಹಿಂಗ್ಯಾಕ ನಿಂತೀರಿ? ಉಡಿ ತುಂಬಿಸ್ಕೊಂಡಾಕಿ ಖಣ ಹೊತ್ಕೊಂಡೇ ಕುಂದರ್ತಾಳೇನು? ಲಕ್ಷ್ಮಿ ಉಟ್ಟಳು, ಊದಿನಕಡ್ಡಿ ತಗೊಂಡಳು, ಸಂತೋಷಾದಳು. ಇನ್ನ ಬಿಚ್ಚಿ ಒಬ್ಬ ಮುತ್ತೈದಿಗೆ ಕೊಡೂದು ಪದ್ಧತಿ. ಈ ಸಾಹೇಬ ಅಷ್ಟು ದೂರದಿಂದ ಬಂದಾನ. ಇವನ ಹೇಣ್ತಿಗೆ ಕೊಡೋಣು.”

ಪದ್ಧತಿ ಎಂದ ಮೇಲೆ ಯಾರು ಎದುರಾಡುತ್ತಾರೆ? ಶಂಕ್ರಮ್ಮ ತನ್ನ ಕೈಯಾರೆ ಗಂಟು ಬಿಚ್ಚಿದಳು. ಹಳದಿ ಬಂತು, ಕೆಂಪು ಬಂತು, ಕೊನೆಗೆ ಹಸಿರೂ ಬಂತು.

ಚಾಂದಪಾಶಾನಿಗೆ ಅಂಥ ಹೊತ್ತಿನಲ್ಲೂ ಒಂದು ಸಂಶಯ. “ಸಾಬ್, ಜರ್ಮನಿ ಮೇಡಂ ಖಣದ ಕುಬಸ ತೊಡ್ತಾರೇನ್ರಿ?”

“ತೊಡ್ತಾಳ,” ಎಂದರು ರಾಯರು.

ಕಂಪ್ರೆಸರ್ ದೊಡ್ಡದೊಂದು ಉಸಿರೆಳೆದುಕೊಂಡಿತು. ಅದರ ಸದ್ದೇ ಬೇರೆಯಾಯಿತು. ಮುಳ್ಳು ಏರತೊಡಗಿತು, ಎಲ್ಲರ ಗದ್ದಗಳೂ ಅದರ ಜೊತೆಗೆ ಏರಿದವು. ಮಲ್ಲಣ್ಣ ಗನ್ನೆತ್ತಿ ನಟ್ಟಿಗೆ ಹಿಡಿದ. ಘರ್ರ್ ಎಂದು ಅದು ಅಬ್ಬರಿಸಿದ್ದಕ್ಕೆ ಹಾರ್ಮೋನಿಯಂನವನು ಹಾರ್ಮೋನಿಯಂ ಬಿಟ್ಟು ಓಡಿದ. ಒಂದಾದ ಮೇಲೊಂದು ನಟ್ಟು ಕಳಚಿ ಬಿದ್ದವು. ಚಾಂದಪಾಶಾ ಗಾಲಿ ಬದಲಿಸಿ, ಉಳಿದ ಗೊನೆಗಳನ್ನು ಇನ್ನೊಮ್ಮೆ ಮೂಸಿ, ಸಲಾಂ ಹೊಡೆದು ಗಾಡಿ ಬಿಟ್ಟ. ಮಲ್ಲಣ್ಣ ರಾಯರ ಎರಡೂ ಕೈ ಹಿಡಿದುಕೊಂಡು ಅಲುಗಿಸಿದ. ಅವನ ಕಣ್ಣಲ್ಲಿ ನೀರಿತ್ತು. ರಾಯರ ಕಣ್ಣಲ್ಲೂ ಇತ್ತು. ಅವರದು ಮಾತ್ರ ಕೆಲಸ ಉಳಿದ ಸಂತೋಷದ್ದು.

ಮನೆಗೆ ಬಂದ ಗಂಡನ ತಲೆಯಿಂದ ಮಲ್ಲಿಗೆ ಎಣ್ಣೆಯ ವಾಸನೆ, ಒಂದು ಕೈಯಲ್ಲಿ ಬಾಳೆಹಣ್ಣು, ಇನ್ನೊಂದರಲ್ಲಿ ಖಣಗಳ ಗಂಟು. ಮಂಜುಷಾ ಮೇಲಿಂದ ಕೆಳಗೆ ನೋಡಿದಳು.

“ನೀವು ಹೋದದ್ದು ರಿಪೇರಿಗೋ, ಯಾರದರೆ ಬಸುರಿ ಕುಬಸದ ಕಾರ್ಯಕ್ಕೋ?”

ರಾಯರು ನಡೆದದ್ದನ್ನು ಹೇಳಿದರು. ಮಂಜುಷಾ ಹಸಿರು ಖಣವನ್ನು ತೋಳಿಗೆ ಹಿಡಿದು ನೋಡಿಕೊಳ್ಳುತ್ತಿದ್ದಳು. ಆದ್ದರಿಂದ ಹೆಚ್ಚು ಬೈಯಲಿಲ್ಲ.

ಮಶಿನ್ ವಾಪಸ್ ಬರಲಿಲ್ಲ. ಪವಮಾನ ಬೆರಗಾಗಿ ಭಾವನಿಗೆ ಕೌಂಟರಿನ ಹಿಂದೆ ಹೊಸ ಕುರ್ಚಿ ಹಾಕಿಸಿದ. ಇಲ್ಲಿಗೆ ಎಲ್ಲ ಮುಗಿಯಬೇಕಾಗಿತ್ತು. ಆದರೆ ಚಾಂದಪಾಶಾ ಡ್ರೈವರ್ ಮನುಷ್ಯ. ನಿಂತ ನಿಂತ ಗ್ಯಾರೇಜಿನಲ್ಲೆಲ್ಲ ಸುದ್ದಿ ಬಿತ್ತುತ್ತ ಹೋದ. ಸುದ್ದಿ ಕೈಯಿಂದ ಕೈಗೆ ದಾಟುವಾಗ ಎಣ್ಣೆ ಉದುರಿತು, ನೊರೆ ಉದುರಿತು, ವೋಲ್ಟೇಜೂ ಉದುರಿತು. ಕೊನೆಗೆ ಉಳಿದದ್ದು ಇಷ್ಟೇ: ಕಪನೂರಿನ ಬಂಡೂ ಸಾಬ್ ಬಂದು ಖಣ ಬಿಚ್ಚಿಕೊಂಡು ಹೋದರೆ ಗಾಳಿ ಮಶಿನ್ ಸಿಡಿಲಿನ ಹಾಗೆ ನಡೆಯುತ್ತದೆ.

ಮೊನ್ನೆ ಭಾನುವಾರ ರಾಯರು ಊಟ ಮುಗಿಸಿ ಎಲೆ ಹಾಕಿಕೊಳ್ಳುತ್ತಿದ್ದಾಗ ಶರಣಸಿರಸಗಿಯಿಂದ ಫೋನು ಬಂತು. ಅಲ್ಲಿ ಹೊಸದಾಗಿ ಗ್ಯಾರೇಜು ಹಾಕಿದ ಫೈಜಾನ್.

“ಸಾಬ್, ನೀವು ಲಗೂ ಬರ್ಬೇಕು. ನಮ್ಮ ಕಂಪ್ರೆಸರ್ ಗಾಳಿ ಹಿಡೀವಲ್ಲದು.”

“ಯಾವಾಗಿಂದ?”

“ಈಗಿಂದ್ರಿ. ಮುಂಜಾನಿ ತನ ಫಸ್ಟ್ ಕ್ಲಾಸ್ ನಡೀತಿತ್ತು. ಕಮಲಾಪುರದಾಗ ಮಾಡ್ದಂಗ ನಮಗೂ ಮಾಡಿಸ್ಬೇಕಂತ ಅಮ್ಮೀಜಾನ್ ಆಸಿ ಪಟ್ರು. ಅದಕ್ಕ ಬಜಾರದಿಂದ ಚೊಲೋ ಖಣ ತಂದು ಕಟ್ಟೀವಿ. ಕಟ್ಟಿದ ಕೂಡ್ಲೇ ಮುಳ್ಳು ಬಿತ್ತು. ಎಲ್ಲಾ ರೆಡಿ ಅದ ಸಾಬ್, ನೀವು ಬಂದು ಬಿಚ್ಚೂದೊಂದೇ ಬಾಕಿ.”

ಈಗಲಾದರೂ ನಿಜ ಹೇಳಿಬಿಡಬೇಕು ಎಂದು ರಾಯರ ಮನಸ್ಸಿಗೆ ಬಂತು. ಬಾಯಿಯನ್ನೂ ತೆರೆದರು. ಅಷ್ಟರಲ್ಲಿ ಪಕ್ಕದಲ್ಲಿ ಅಡಿಕೆ ಕತ್ತರಿಸುತ್ತಿದ್ದ ಮಂಜುಷಾ, “ಯಾವ ಬಣ್ಣದ್ದು ಕಟ್ಯಾರ ಕೇಳ್ರಿ,” ಎಂದಳು.

ಕೇಳಿದರು. “ಹಸರು ರೀ,” ಎಂದ ಫೈಜಾನ್.

“ಹಸರು ನನ್ನ ಹತ್ರ ಅದ,” ಎಂದು ಮಂಜುಷಾ ತಲೆಯಲ್ಲಾಡಿಸಿದಳು. ರಾಯರು ಗಂಟಲು ಸರಿಮಾಡಿಕೊಂಡು, ಜರ್ಮನಿಯ ಗಾಂಭೀರ್ಯದಿಂದ ಹೇಳಿದರು: “ಹಸರು ನಡೆಯೂದಿಲ್ಲ. ಅದನ್ನ ಬಿಚ್ಚಿ ನೇರಳಿ ಬಣ್ಣದ್ದು ಕಟ್ಟಿ ಇಡ್ರಿ. ನಾ ಹೊಂಟೆ.”